ತಿಂಗಳ ಚೀಟಿಯಿಂದ ಸ್ಮಾರ್ಟ್ ಬಾಸ್ಕೆಟ್‌ಗೆ

ಬೆಂಗಳೂರಿನ ಆನ್‌ಲೈನ್ ದಿನಸಿ ವ್ಯಾಪಾರದ ಮೂಲ ಹುಡುಕಿದರೆ 1999ರಲ್ಲಿ ಹುಟ್ಟಿದ ಫ್ಯಾಬ್‌ಮಾರ್ಟ್ ಸಿಗುತ್ತದೆ. ವಿ.ಎಸ್. ಸುಧಾಕರ್, ಹರಿ ಮೆನನ್, ಕೆ. ವೈತೀಶ್ವರನ್ ಮೊದಲಾದವರು ಕಟ್ಟಿದ ಈ ಕಂಪನಿ ಮೊದಲು ಮಾರಿದ್ದು ಹಾಡಿನ ಕ್ಯಾಸೆಟ್, ಸಿ.ಡಿ.ಗಳನ್ನು, ದಿನಸಿ ಬಂದದ್ದು ಆಮೇಲೆ. ಮನೆಯಲ್ಲಿ ಇಂಟರ್ನೆಟ್ ಇದ್ದವರೇ ಕಡಿಮೆಯಿದ್ದ ಕಾಲ. ವೆಬ್‌ಸೈಟೊಂದನ್ನೇ ನಂಬಿ ಕೂರಲಾಗದೆ ಫ್ಯಾಬ್‌ಮಾಲ್ ಅಂಗಡಿಗಳನ್ನೂ ತೆರೆಯಬೇಕಾಯಿತು. ಅಂಗಡಿಗಳು ಮುಂದೆ ಆದಿತ್ಯ ಬಿರ್ಲಾ ಗುಂಪಿಗೆ ಸೇರಿ ‘ಮೋರ್’ ಆದವು. ಇಂಡಿಯಾಪ್ಲಾಜಾ ಎಂದು ಹೆಸರು ಬದಲಿಸಿಕೊಂಡ ವೆಬ್‌ಸೈಟ್ 2013ರಲ್ಲಿ ಮುಚ್ಚಿತು.

ಅಷ್ಟರೊಳಗೆ, 2011ರ ಡಿಸೆಂಬರಿನಲ್ಲಿ, ಸುಧಾಕರ್, ಮೆನನ್ ಮತ್ತು ಸಂಗಡಿಗರು ಬಿಗ್‌ಬಾಸ್ಕೆಟ್ ಆರಂಭಿಸಿದ್ದರು. ಹಳೆ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ಬಳಿಯ ವಿಜಿನಾಪುರದಲ್ಲಿ ಅದರ ಕಚೇರಿ ನೆಲೆಯೂರಿತು. ಹಲಸೂರು, ಶಿವಾಜಿನಗರದ ಹಳೆಯ ದಿನಸಿ ಅಂಗಡಿಯವರಿಗೆ ವರ್ತನೆಯ ಮನೆಗಳ ತಿಂಗಳ ಚೀಟಿ ಬಾಯಿಪಾಠ: ಯಾರಿಗೆ ಸೋನಾ ಮಸೂರಿ, ಯಾರಿಗೆ ಇಡ್ಲಿ ಅಕ್ಕಿ, ಯಾರಿಗೆ ಕಡಲೆಕಾಯಿ ಎಣ್ಣೆಯೇ ಆಗಬೇಕು. ಲಕ್ಷಗಟ್ಟಲೆ ಗಿರಾಕಿಗಳಿರುವಲ್ಲಿ ಇದನ್ನು ಸಾಫ್ಟ್‌ವೇರೇ ನೆನಪಿಡಬೇಕು. ಬಿಗ್‌ಬಾಸ್ಕೆಟ್‌ನ ‘ಸ್ಮಾರ್ಟ್ ಬಾಸ್ಕೆಟ್’ ಗಿರಾಕಿಯ ಹಿಂದಿನ ಖರೀದಿಗಳನ್ನು ನೋಡಿ, ಮತ್ತೆ ಬೇಕಾಗಬಹುದಾದ ಸಾಮಾನುಗಳ ಪಟ್ಟಿಯನ್ನು ತಾನೇ ಮುಂದಿಡುತ್ತದೆ.

ಒಂದು ಸರಕು ಕೊಂಡವರು ಜೊತೆಗೆ ಇನ್ನೇನು ಕೊಂಡರೆಂದು ಲೆಕ್ಕಹಾಕಿ ಶಿಫಾರಸು ಮಾಡುವ ಪದ್ಧತಿ ಅಮೆಜಾನ್‌ನಿಂದ ಪ್ರಸಿದ್ಧವಾಯಿತು. ಪುಸ್ತಕಕ್ಕೆ ಅದು ಸರಿ. ಓದಿದ್ದನ್ನೇ ಯಾರೂ ಮತ್ತೆ ಕೊಳ್ಳುವುದಿಲ್ಲ. ಅಡುಗೆಮನೆಗೆ ಬೇಕಾದದ್ದು ಬಹುಪಾಲು ಹೋದ ತಿಂಗಳದ್ದೇ. ಇಲ್ಲಿ ಸಾಫ್ಟ್‌ವೇರಿನ ಜಾಣತನವೆಂದರೆ ತೊಗರಿಬೇಳೆ ಯಾವಾಗ ಮುಗಿಯುತ್ತದೆಂದು ಊಹಿಸುವುದು. ಗಿರಾಕಿ ಕೇಳದ ಚಾಕೊಲೇಟನ್ನು ಕಣ್ಣೆದುರು ಹಿಡಿಯುವುದು ಅದಲ್ಲ, ಅದರಲ್ಲಿ ಕಂಪನಿಗೆ ಲಾಭ ಹೆಚ್ಚಿದ್ದರೂ.

ಆದ್ದರಿಂದ ಇಂಥ ಕಂಪನಿಯನ್ನು ಅಳೆಯುವಾಗ ಆ್ಯಪ್ ತೆರೆದವರ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು. ರಿಯಾಯಿತಿ ನಿಲ್ಲಿಸಿದ ಮೇಲೂ ಎಷ್ಟು ಮನೆಗಳು ಮತ್ತೆ ಆರ್ಡರ್ ಮಾಡುತ್ತವೆ, ಕೇಳಿದ ಸಾಮಾನೆಲ್ಲ ಚೀಲದಲ್ಲಿ ಬರುತ್ತದೆಯೇ, ತಲುಪಿಸುವ ಖರ್ಚು ಕಳೆದು ಏನು ಉಳಿಯುತ್ತದೆ ಎಂಬುದನ್ನು ನೋಡಬೇಕು. ಪಟ್ಟಿ ಎಷ್ಟೇ ಕರಾರುವಾಕ್ಕಾಗಿದ್ದರೂ ಗೋದಾಮಿನಲ್ಲಿ ಸರಕಿಲ್ಲದಿದ್ದರೆ ಪ್ರಯೋಜನವಿಲ್ಲ. ಸೊಪ್ಪು ಉಳಿದರೆ ಬಾಡುತ್ತದೆ, ಹಾಲು ಒಡೆಯುತ್ತದೆ. ಊಹೆ ತಪ್ಪಿದ್ದಕ್ಕೆ ದಿನಸಿ ವ್ಯಾಪಾರಿ ತೆರುವಷ್ಟು ದಂಡವನ್ನು ಪುಸ್ತಕದ ವ್ಯಾಪಾರಿ ತೆರುವುದಿಲ್ಲ.

2018ರಲ್ಲಿ ರೈನ್‌ಕ್ಯಾನ್, ಮಾರ್ನಿಂಗ್‌ಕಾರ್ಟ್ ಕಂಪನಿಗಳನ್ನು ಕೊಂಡು ಬಿಗ್‌ಬಾಸ್ಕೆಟ್ ಬೆಳಗಿನ ಹಾಲಿನ ವರ್ತನೆಗೂ ಇಳಿಯಿತು. 2021ರಲ್ಲಿ ಕಂಪನಿಯ ಬಹುಪಾಲು ಷೇರು ಟಾಟಾ ಡಿಜಿಟಲ್ ಕೈಸೇರಿತು.