ಮಹಿಷಿ ವರದಿ ಅಂದ್ರೇನು ಕಣಕ್ಕ?

ಎಲೆಕ್ಷನ್ ಬಂದಾಗೆಲ್ಲ ಟೀವೀಲಿ "ಮಹಿಷಿ ವರದಿ, ಮಹಿಷಿ ವರದಿ" ಅಂತ ಕಿತ್ತಾಡ್ತಾರಲ್ಲ, ಅದೇನು ಅಂತ ನಮ್ಮ ಬೀದಿ ಹೆಣ್ಮಕ್ಳು ಕೇಳ್ತಾನೇ ಇರ್ತಾರೆ. ಡಿಗ್ರಿ ಮಾಡಿದ ಮಕ್ಳು ಕೆಲಸ ಇಲ್ದೆ ಮನೇಲಿ ಕೂತಿರೋವಾಗ ಇದನ್ನ ನಾವೂ ತಿಳ್ಕೊಂಡಿರಬೇಕು.

ಸರೋಜಿನಿ ಮಹಿಷಿ ಅವರು ಧಾರವಾಡದ ಹೆಣ್ಮಗಳು. 1962ರಿಂದ ನಾಲ್ಕು ಸಲ ಧಾರವಾಡ ಉತ್ತರದಿಂದ ಲೋಕಸಭೆಗೆ ಗೆದ್ದೋರು. ಕನ್ನಡದೋರಿಗೆ ಕೆಲಸ ಸಿಗೋ ದಾರಿ ತೋರ್ಸಿ ಅಂತ 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಅವರ ಅಧ್ಯಕ್ಷತೇಲಿ ಸಮಿತಿ ಮಾಡ್ತು. 1986ರಲ್ಲಿ 58 ಶಿಫಾರಸಿನ ವರದಿ ಬಂತು. ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲೂ ಸಿ, ಡಿ ದರ್ಜೆ ಕೆಲಸಾನೆಲ್ಲ ಇಲ್ಲಿನೋರಿಗೇ ಕೊಡಿ ಅನ್ನೋದು ಅದರಲ್ಲಿ ದೊಡ್ಡ ಮಾತು.

ಆಮೇಲೆ ಜನತಾದಳ, ಕಾಂಗ್ರೆಸ್, ಬಿಜೆಪಿ ಎಲ್ಲಾ ಆಳಿದ್ರು. ಕುರ್ಚಿ ಇಲ್ದಾಗ "ಯಾಕೆ ಜಾರಿ ಮಾಡಿಲ್ಲ?" ಕುರ್ಚಿ ಸಿಕ್ಕಾಗ "ನೋಡೋಣ." ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಂಗೆ.

ಇವರ ಜಗಳ ಮುಗಿಯೋದ್ರೊಳಗೆ ಆ ಕೆಲಸಗಳೇ ಕರಗಿಹೋದ್ವು. ಒಂದು ಕಾಲಕ್ಕೆ ಹುಡುಗ ಎಚ್‌ಎಂಟೀಲಿ ಅವ್ನೆ, ಐಟಿಐನಲ್ಲಿ ಅವ್ನೆ ಅಂದ್ರೆ ಕಣ್ಮುಚ್ಚಿ ಹೆಣ್ಣು ಕೊಡ್ತಿದ್ರು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ 2016ರಲ್ಲಿ ಕೇಂದ್ರ ಸಂಪುಟವೇ ಒಪ್ಕೊಂತು. ಇತ್ತ ನಮ್ಮ ದೇವನಹಳ್ಳಿ ಹತ್ರ 2008ರಲ್ಲಿ ವಿಮಾನ ನಿಲ್ದಾಣ ಬಂತು. ನೆಲ ಒರೆಸೋದು, ಟ್ರಾಲಿ ತಳ್ಳೋದು, ಕಾವಲು ಕಾಯೋದು ಇವೆಲ್ಲ ಹಳೇ ಲೆಕ್ಕದಲ್ಲಿ ಡಿ ದರ್ಜೆ ಕೆಲಸಗಳೇ. ಈಗ ಇಂಥ ಕೆಲಸ ಎಲ್ಲೆಲ್ಲೂ ಕಂಟ್ರಾಕ್ಟರ್ ಕೈಗೆ ಹೋಗೈತೆ. ಇವತ್ತು ಐತೆ, ನಾಳೆ ಇಲ್ಲ.

2024ರ ಜುಲೈ 15ಕ್ಕೆ ಸಿದ್ದರಾಮಯ್ಯನೋರ ಸಂಪುಟ ಹೊಸ ಮಸೂದೆ ಒಪ್ತು. ಖಾಸಗಿ ಕಂಪನಿಗಳ ಮೇಲಿನ ಹುದ್ದೇಲಿ ನೂರಕ್ಕೆ 50, ಮಿಕ್ಕಿದ್ರಲ್ಲಿ 70 ಸ್ಥಳೀಯರಿಗೆ ಅಂತ. ಐಟಿ ಕಂಪನಿಯೋರು ಗದ್ದಲ ಎಬ್ಬಿಸಿದ್ರು. ಆಂಧ್ರದ ಮಂತ್ರಿ ನಾರಾ ಲೋಕೇಶ್ "ನಮ್ಮ ಕಡೆ ಬನ್ನಿ" ಅಂತ ಅವರನ್ನ ಕರೆದೂ ಬಿಟ್ರು. 17ಕ್ಕೆ ಮಸೂದೆ ತಡೆ ಆಯ್ತು. ವಿರೋಧ ಪಕ್ಷದೋರು ಬೈದ್ರು, ಆಳೋರು ತಿರುಗಿ ಬೈದ್ರು. ಕೂಸಿಗೆ ಮಾತ್ರ ಹಾಲಿಲ್ಲ.

ನೂರಕ್ಕೆ ಎಷ್ಟು ಅನ್ನೋದು ಮುಖ್ಯವೇ. ಆದ್ರೆ ಎಂಥ ಕೆಲಸದಲ್ಲಿ ಅನ್ನೋದು ಅದಕ್ಕಿಂತ ಮುಖ್ಯ. ಇನ್ಮುಂದೆ ಓಟು ಕೇಳೋಕೆ ಬಂದೋರನ್ನ ಅರಿಶಿನ ಕುಂಕುಮ ಕೊಟ್ಟು ಹಂಗೇ ಕಳಿಸಬೇಡಿ. ನೇರ ನೇಮಕವೋ, ಕಂಟ್ರಾಕ್ಟೋ? ಪಿಎಫ್ ಕಟ್ತಾರಾ? ರಾತ್ರಿ ಪಾಳಿ ಮುಗಿಸಿದ ಹೆಣ್ಮಗಳು ಊರಿಗೆ ಬರೋಕೆ ಬಸ್ಸು ಐತಾ? ಈ ಮೂರು ಕೇಳಿ, ಉತ್ತರ ಬರೋಗಂಟ ಬಾಗ್ಲಲ್ಲೇ ನಿಲ್ಸಿ.