ವಿಜಯನಗರದ ಅರಸರ ತೊಡೆಸಂದಿನ ನೋವು

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಸುಮಾರು 1535-37ರಲ್ಲಿ ಬರೆದ ವೃತ್ತಾಂತದ ಒಂದು ವಾಕ್ಯವು ಇತಿಹಾಸಕಾರರಂತೆ ವೈದ್ಯರ ಗಮನಕ್ಕೂ ಅರ್ಹವಾಗಿದೆ. ಬೆಳಗಾವಿಯ ಮೇಲೆ ದಂಡೆತ್ತಲು ಅಣಿಯಾಗುತ್ತಿದ್ದ ಕೃಷ್ಣದೇವರಾಯನು ತೊಡೆಸಂದಿನ ನೋವಿನಿಂದ ತೀರಿಕೊಂಡನೆಂದೂ, ಅವನ ಪೂರ್ವಿಕರು ಮಾತ್ರವಲ್ಲದೆ ಬಿಸ್ನಗದ ಅರಸರೆಲ್ಲರೂ ಇದೇ ಬೇನೆಯಿಂದ ಮಡಿಯುವರೆಂದೂ ಅವನ ಹೇಳಿಕೆ. 1900ರಲ್ಲಿ ಸಿವೆಲ್ಲರ ಇಂಗ್ಲಿಷ್ ಅನುವಾದದಿಂದ ಇದು ಪ್ರಸಿದ್ಧವಾಯಿತು. ತುಮಕೂರಿನ ಬಳಿಯ ಹೊನ್ನೇನಹಳ್ಳಿಯ ಶಾಸನವು 2023ರಲ್ಲಿ ಬೆಳಕಿಗೆ ಬಂದ ಮೇಲೆ ರಾಯನ ಮರಣದಿನವು 1529ರ ಅಕ್ಟೋಬರ್ 17 ಎಂದು ತಿಳಿದಿದೆ. ಕಾಲವು ಗೊತ್ತಾಯಿತು, ರೋಗ ಯಾವುದು?

ತೊಡೆಸಂದಿನ ನೋವಿಗೆ ಅಂಡವಾಯು, ಮೂತ್ರಾಶ್ಮರಿ, ಕೀವುಗಟ್ಟಿದ ಬಾವು ಮೊದಲಾದ ಕಾರಣಗಳು ಹಲವು. ಪ್ರಾಸ್ಟೇಟ್ ಗ್ರಂಥಿಯ ವಿಕಾರವನ್ನೂ ಶಂಕಿಸಬಹುದು. ಮೂತ್ರಾಶಯಕ್ಕೂ ಗುದಮಾರ್ಗಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗಂಟು ಬೆಳೆದು ಮಲಮೂತ್ರಗಳನ್ನು ತಡೆಯುವುದನ್ನು ಸುಶ್ರುತಸಂಹಿತೆಯ ಉತ್ತರತಂತ್ರವು ಅಷ್ಠೀಲಾ ಎಂದು ಕರೆದಿದೆ. ಆ ಸ್ಥಾನವು ಪ್ರಾಸ್ಟೇಟಿನದೇ. ಆದುದರಿಂದ ಹಂಪೆಯ ಆಸ್ಥಾನವೈದ್ಯರಿಗೆ ಇಂಥ ಗಂಟು ಶಾಸ್ತ್ರತಃ ಅಪರಿಚಿತವಾಗಿರಲಾರದು. ಆದರೆ ಆ ಗಂಟು ಸಾಮಾನ್ಯ ವೃದ್ಧಿಯೋ, ಅರ್ಬುದವೋ, ಅತಿ ವಿರಳವಾದ ಸಿಸ್ಟಡಿನೋಮವೋ ಎಂದು ಬೇರ್ಪಡಿಸುವ ಸಾಧನ ಅವರಲ್ಲಿರಲಿಲ್ಲ. ಸಿಸ್ಟಡಿನೋಮವು ದ್ರವ ತುಂಬಿದ ಅನೇಕ ಕೋಶಗಳುಳ್ಳ ಸೌಮ್ಯವಾದ ಗೆಡ್ಡೆ. ಬೇರೆಡೆಗೆ ಹರಡದಿದ್ದರೂ ಅದು ಬೃಹತ್ತಾಗಿ ಬೆಳೆದು ಮೂತ್ರಾಶಯವನ್ನು ಅದುಮಬಲ್ಲುದು. ಇಂದಿಗೂ ಅಲ್ಟ್ರಾಸೌಂಡ್, ಎಂ.ಆರ್.ಐ. ಚಿತ್ರಗಳು ಸುಳಿವನ್ನಷ್ಟೇ ಕೊಡುತ್ತವೆ. ನಿರ್ಣಯವು ಸೂಕ್ಷ್ಮದರ್ಶಕದಡಿ ಅಂಗಾಂಶವನ್ನು ಪರೀಕ್ಷಿಸಿದ ಮೇಲೆಯೇ. ಸುಮಾರು ಐದು ಶತಮಾನಗಳ ಹಿಂದಿನ ಒಂದು ಮಾತಿನಿಂದ ಅಂಥ ನಿರ್ಣಯವನ್ನು ಹೊರಡಿಸುವುದು ಸಾಹಸವೇ ಸರಿ.

ವಯಸ್ಸಿನ ತೊಡಕೂ ಇದೆ. ರೂಢಿಯಲ್ಲಿರುವಂತೆ ರಾಯನ ಜನನ 1471 ಎಂದಾದರೆ ಮರಣಕಾಲಕ್ಕೆ ಅವನಿಗೆ 58. ಪ್ರಾಸ್ಟೇಟ್ ವೃದ್ಧಿಗೆ ತಕ್ಕ ವಯಸ್ಸು. 1509ರಲ್ಲಿ ಪಟ್ಟಕ್ಕೆ ಬಂದಾಗ ಅವನು ಇಪ್ಪತ್ತನ್ನು ಮೀರಿದವನೆಂಬ ನೂನಿಜನ ಮಾತನ್ನು ಹಿಡಿದರೆ ನಲವತ್ತರ ಆಸುಪಾಸು. ಆಗ ಆ ಶಂಕೆ ಬಹುಮಟ್ಟಿಗೆ ಸಡಿಲುತ್ತದೆ.

ಇನ್ನು ವಂಶಪಾರಂಪರ್ಯದ ವಾದ. ಬಿಸ್ನಗವನ್ನಾಳಿದ ಸಂಗಮರು, ಸಾಳುವರು, ತುಳುವರು ಬೇರೆಬೇರೆ ಮನೆತನದವರು. ಒಂದೇ ರಕ್ತದ ರೋಗವನ್ನು ಇವರೆಲ್ಲರಿಗೂ ಹಂಚಲಾಗದು. ಮಿಗಿಲಾಗಿ, ವಿರೂಪಾಕ್ಷರಾಯನನ್ನು ಮಗನೇ ಕೊಂದನೆಂದು ಹಿಂದಿನ ಪುಟಗಳಲ್ಲಿ ಬರೆದವನೂ ಈ ನೂನಿಜನೇ! ‘ಎಲ್ಲರೂ’ ಎಂಬುದು ಹೊಸಪೇಟೆಯ ಸಂತೆಯಲ್ಲಿಯೋ ಕುದುರೆಲಾಯದಲ್ಲಿಯೋ ಕಿವಿಗೆ ಬಿದ್ದ ಮಾತೆಂದು ನನ್ನ ಊಹೆ. ಆದರೂ ರಾಯನೊಬ್ಬನ ವಿಷಯದಲ್ಲಿ ಅವನ ಹೇಳಿಕೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಘಟನೆ ನಡೆದು ಹತ್ತು ವರ್ಷವೂ ಕಳೆದಿರಲಿಲ್ಲ. ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದ ಪೋರ್ಚುಗೀಸ್ ಮೂಲವನ್ನು ವೈದ್ಯರೊಬ್ಬರ ಜತೆಯಲ್ಲಿ ಕುಳಿತು ಓದುವ ಕೆಲಸವು ಮುಂದಿನದು.