ನೆತ್ತರುಗೊಡಗೆಯ ನೆಲ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೊರಟ ಹಾದಿಯಲ್ಲಿ ಆಲ್ದೂರನ್ನು ಹಾದುಹೋಗುವವರಿಗೆ, ಕಣ್ಣು ಹಾಯುವಷ್ಟು ದೂರ ಕಾಫಿತೋಟಗಳೇ ಹಬ್ಬಿರುವ ಈ ಸೀಮೆಯಲ್ಲಿ ಯೋಧನಿಗೂ ನೆಲಕ್ಕೂ ಒಂದು ಕಾಲದಲ್ಲಿ ಬಿಡಿಸಲಾರದ ನಂಟಿತ್ತೆಂಬುದು ಹೊಳೆಯುವುದೇ ಕಷ್ಟ. ನೆರೆಯ ಕೊಡಗನ್ನು ಹೆಸರಿಸಿದೊಡನೆ ಕಾರ್ಯಪ್ಪನವರೂ ತಿಮ್ಮಯ್ಯನವರೂ ಸ್ಮರಣೆಗೆ ಬರುತ್ತಾರೆ. ಆಲ್ದೂರು, ಮೂಡಿಗೆರೆ, ಕಳಸಗಳನ್ನು ಹೆಸರಿಸಿದರೆ ಕಾಫಿ, ಮೆಣಸು, ಅಡಕೆಗಳು. ಒಂದೇ ಘಟ್ಟಸಾಲಿನಲ್ಲಿ, ಒಂದೇ ಮಳೆಯಲ್ಲಿ ಬಾಳಿದ ಎರಡು ನಾಡುಗಳು ದಂಡಿನ ಚಾಕರಿಯನ್ನು ಇಷ್ಟು ಭಿನ್ನವಾಗಿ ಕಂಡುದೇಕೆಂಬ ಪ್ರಶ್ನೆಗೆ ಉತ್ತರವನ್ನು ಜನರ ಧೈರ್ಯ ಅಧೈರ್ಯಗಳಲ್ಲಿ ಅರಸುವುದು ಅನ್ಯಾಯ. ಅದು ಭೂಮಿಯ ಹಕ್ಕಿನ ಚರಿತ್ರೆಯಲ್ಲಿ ಅಡಗಿದೆಯೆಂದು ನನ್ನ ದೃಢವಾದ ನಂಬಿಕೆ.

ಮಲೆನಾಡಿನ ಯಾವುದಾದರೊಂದು ವೀರಗಲ್ಲಿನ ಮುಂದೆ ಕುಳಿತು, ಪಾಚಿಯನ್ನು ಬೆರಳಿನಿಂದ ಸರಿಸಿ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲನ್ನೋ ಕತ್ತಿಯನ್ನೋ ಹಿಡಿದ ಒಬ್ಬನೇ ಆಳು, ಎದುರಿಗೆ ಹಲವರು, ಹಿಂದೆ ಕೊಂಬೆತ್ತಿ ನಿಂತ ದನಗಳು. ನಡುವೆ, ಚಾಮರ ಬೀಸುತ್ತ ಅವನನ್ನು ಒಯ್ಯುತ್ತಿರುವ ಅಪ್ಸರೆಯರು. ಮೇಲೆ, ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವ್ಯಕ್ತಿ. ಅವನ ನೆತ್ತಿಯ ಮೇಲೆ ಸೂರ್ಯಚಂದ್ರರು. ಶಾಸನಗಳು ಇಂಥ ಮರಣಗಳನ್ನು ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂದು ವಿಂಗಡಿಸಿ ಹೇಳುತ್ತವೆ. ಎಂದರೆ ದನಗಳನ್ನು ಮರಳಿ ತರಲು, ಊರನ್ನು ಉಳಿಸಲು, ಹೆಂಗಸರ ಮಾನವನ್ನು ಕಾಯಲು ಸತ್ತವರು ಇವರು. ಸತ್ತವನಿಗೆ ಕಲ್ಲಾಯಿತು, ಸ್ವರ್ಗವಾಯಿತು, ಉಳಿದ ಹೆಂಡತಿಮಕ್ಕಳಿಗೆ? ಅವರಿಗಾಗಿ ನೆತ್ತರುಗೊಡಗೆಯೆಂಬ ಹೆಸರಿನಿಂದ ಭೂಮಿಯನ್ನು ಬಿಡುತ್ತಿದ್ದರು. ಬದುಕಿ ಗೆದ್ದು ಬಂದವನ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ ಬಾಳ್ಗಚ್ಚು ಎಂಬ ಹೆಸರಿತ್ತು. ಹತ್ತನೆಯ ಶತಮಾನದ ಆತಕೂರಿನ ಶಾಸನದ ಮಣಲಾರನಿಗೆ ದೊರೆತುದು ಅಂಥದೇ ದತ್ತಿ. ವೀರನ ಮೇಲಿನ ಗೌರವವನ್ನು ಮಾತಿನಲ್ಲಿ ಮುಗಿಸಿಬಿಡದೆ ಗದ್ದೆಯ ಎಲ್ಲೆಕಟ್ಟಿನಲ್ಲಿ ಗುರುತಿಸಿ ಕೊಟ್ಟ ಆ ಸಮಾಜದ ವಿವೇಕವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಮೂಡಿಗೆರೆಯ ಅಂಗಡಿ ಗ್ರಾಮ, ಅಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಅಲ್ಲಿಂದ ಬೆಳೆದು ಬಯಲಿಗಿಳಿದ ಆ ರಾಜ್ಯದಲ್ಲಿ ಒಡೆಯನೊಡನೆ ಪ್ರಾಣವನ್ನೂ ಬಿಡುವ ಗರುಡರ ವ್ರತ ಪರಾಕಾಷ್ಠೆಯನ್ನು ಮುಟ್ಟಿತು; ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನು ಪತ್ನಿಸಮೇತನಾಗಿ ಪ್ರಾಣಾರ್ಪಣೆ ಮಾಡಿದುದನ್ನು ಹಳೆಯಬೀಡಿನ ಸ್ತಂಭಶಾಸನ ಸಾರುತ್ತದೆ. ಆದರೆ ಈ ಘನತೆ ಅರಮನೆಗೆ ಹತ್ತಿರವಾದುದು. ಊರಿನ ಸಾಮಾನ್ಯನ ಪೂಜೆ ಮಾತ್ರ ದನ ಕಾದು ಸತ್ತವನಿಗೇ ಸಲ್ಲುತ್ತಿತ್ತು.

ಹೊರಗಿನಿಂದ ಬಂದ ದಂಡಿನ ಮಾತೇ ಬೇರೆ. ಅದು ಯಾರ ಪಕ್ಷದ್ದೆಂದು, ಯಾವ ಧರ್ಮದ್ದೆಂದು ಕೇಳುವ ವ್ಯವಧಾನ ಒಕ್ಕಲಿಗೆ ಇರುತ್ತಿರಲಿಲ್ಲ. 1791ರಲ್ಲಿ ಪರಶುರಾಮಭಾವು ಪಟವರ್ಧನನ ಮರಾಠಾ ದಂಡಿಗೆ ಸೇರಿದ ಕುದುರೆಸವಾರರು ಶೃಂಗೇರಿಯ ಮಠವನ್ನೇ ಸೂರೆಮಾಡಿದರು. ಶಾರದೆಯ ವಿಗ್ರಹ ಸ್ಥಾನಪಲ್ಲಟಗೊಂಡಿತು, ಅನೇಕರು ಹತರಾದರು. ಆ ಬಳಿಕ ಪುನಃಪ್ರತಿಷ್ಠೆಗೆ ನೆರವಿತ್ತು ಸ್ವಾಮಿಗಳಿಗೆ ಪತ್ರ ಬರೆದವನು ಟಿಪ್ಪು ಸುಲ್ತಾನ. ಆ ಪತ್ರಗಳು 1916ರಲ್ಲಿ ಮಠದಲ್ಲಿ ಬೆಳಕಿಗೆ ಬಂದುವು. ಜಗದ್ಗುರುಗಳ ಪೀಠಕ್ಕೇ ಈ ಗತಿಯಾದ ಮೇಲೆ, ಕಾಡಿನಂಚಿನ ಒಂಟಿ ಮನೆಯ ಗೌಡನು ದಂಡಿನ ಸುದ್ದಿ ಕೇಳಿದೊಡನೆ ದನಕರುಗಳನ್ನು ಹೊಡೆದುಕೊಂಡು ಕಾಡು ಸೇರಿದರೆ ಅದನ್ನು ಹೇಡಿತನವೆನ್ನಲಾದೀತೆ?

ಈ ಪೂಜೆ, ಈ ಭಯ ಎರಡರ ನಡುವೆ ಮೈಸೂರು ಸೀಮೆಯಲ್ಲಿ ಕಂದಾಚಾರದ ಪದ್ಧತಿಯೊಂದಿತ್ತು. ಕಂದಾಚಾರದ ಆಳು ತನ್ನ ಊರಿನಲ್ಲಿಯೇ ಹೊಲಗದ್ದೆ ಮಾಡಿಕೊಂಡು, ಕರೆ ಬಂದಾಗ ಕೋವಿಯನ್ನೋ ಭರ್ಜಿಯನ್ನೋ ಹಿಡಿದು ಹೊರಡುವವನು. ಅವನ ಜೀವನೋಪಾಯದ ಒಂದು ಭಾಗ ನೆಲದ ಮೂಲಕ, ಇನ್ನೊಂದು ಭಾಗ ಸಂಬಳದ ಮೂಲಕ ಸಲ್ಲುತ್ತಿತ್ತು. ಅವನು ನೆರೆಯವನೇ ಆದುದರಿಂದ ಊರಿಗೆ ಅವನ ಭಯವಿರಲಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೂ ತಲೆಬಾಗದ ಬಲಂ ಸೀಮೆಯ ಕೃಷ್ಣಪ್ಪನಾಯಕನನ್ನು, 1802ರ ಆರಂಭದಲ್ಲಿ ಆರ್ಥರ್ ವೆಲ್ಲೆಸ್ಲಿ ದಂಡೆತ್ತಿ ಬಂದು ಹಿಡಿದು ಗಲ್ಲಿಗೇರಿಸಿದನು. ಕಾಡಿನೊಳಗೆ ಬೇಲಿಕೋಟೆ ಕಟ್ಟಿಕೊಂಡಿದ್ದ ಗ್ರಾಮಗಳ ರಕ್ಷಣೆಯನ್ನೆಲ್ಲ ಕೆಡವಿಸಿದನು. ಕಂದಾಚಾರವೂ ಕ್ರಮೇಣ ಪೊಲೀಸು ಚಾಕರಿಯಲ್ಲಿ ಲೀನವಾಯಿತು. ಅತ್ತ ಕೊಡಗಿನಲ್ಲಾದರೋ ಯುದ್ಧಸೇವೆಯ ಹೊಣೆಯೊಡನೆ ವಂಶಕ್ಕೆ ಬಂದ ಜಮ್ಮಾ ಭೂಮಿಯನ್ನು ಬ್ರಿಟಿಷರು ಕಿತ್ತುಕೊಳ್ಳಲಿಲ್ಲ. 1861ರಲ್ಲಿ ಕೊಡವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿಯನ್ನೂ ಕೊಟ್ಟರು. ಅಲ್ಲಿ ಕೋವಿಯೂ ನೆಲವೂ ಒಂದೇ ಮನೆಯಲ್ಲಿ ಉಳಿದುವು. ಇಲ್ಲಿ ಎರಡೂ ಬೇರೆಯಾದುವು.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ಬ್ರಿಟಿಷರ ಕಾಲದಲ್ಲಿ ಯೂರೋಪಿಯನ್ ತೋಟಗಾರರು ತಮ್ಮದೇ ಸ್ವಯಂಸೇವಕ ರೈಫಲ್ ಪಡೆಯನ್ನು ಕಟ್ಟಿಕೊಂಡರು. ಅವರ ತೋಟದಲ್ಲಿ ದುಡಿಯುವವನಿಗೆ ಅದರಲ್ಲಿ ಸ್ಥಾನವಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಸಂಸ್ಥಾನಕ್ಕೆಲ್ಲ ಅದು ಅಭಿಮಾನದ ವಿಷಯವಾದರೂ, ಕಾಫಿಯ ಮಲೆಗಳಿಗೆ ಅದು ದೂರದ ಊರಿನ ಸುದ್ದಿಯಾಗಿಯೇ ಉಳಿಯಿತೆಂದು ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧವು ಈ ಸೀಮೆಯ ಬಾಗಿಲು ತಟ್ಟಿದುದು ಬೆಲೆಯ ರೂಪದಲ್ಲಿ: ಯೂರೋಪಿನ ಪೇಟೆಗಳು ಮುಚ್ಚಿ ಕಾಫಿ ಮಾರಾಟವಾಗದೆ ಉಳಿದಾಗ, ಬೆಳೆಗಾರರನ್ನು ಉಳಿಸಲೆಂದು ಹುಟ್ಟಿದ ವ್ಯವಸ್ಥೆಯೇ 1942ರ ಕಾಫಿ ಕಾಯಿದೆಯ ಕಾಫಿ ಮಂಡಲಿ.

ಸ್ವಾತಂತ್ರ್ಯಾನಂತರ ಹಳೆಯ ನಂಟು ಒಂದು ಕಾನೂನಿನ ಮೂಲಕ ಮರುಹುಟ್ಟು ಪಡೆಯಿತು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಸರಕಾರಿ ಜಮೀನಿನ ಹಂಚಿಕೆಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಮೀಸಲಿರಿಸಿದುವು. ಇಂದು ಮಲೆನಾಡಿನ ಹುಡುಗನೊಬ್ಬನು ಹದಿನೈದು ಇಪ್ಪತ್ತು ವರ್ಷ ಹಿಮದಲ್ಲಿಯೂ ಮರಳಿನಲ್ಲಿಯೂ ಕಾವಲಿದ್ದು ಊರಿಗೆ ಮರಳಿದರೆ, ಊರವರು ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ, ಶಾಲೆಯ ಧ್ವಜಾರೋಹಣಕ್ಕೆ ಕರೆಯುತ್ತಾರೆ. ಆ ಪ್ರೀತಿ ನಿಜವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಅವನು ಸೇವಾ ಬಿಡುಗಡೆಯ ಪುಸ್ತಕವನ್ನೂ ಅರ್ಜಿಯನ್ನೂ ಹಿಡಿದು ತಾಲ್ಲೂಕು ಕಚೇರಿಗೆ ಹೋದಾಗ, ತೋಟವಾಗದೆ ಉಳಿದ ಸರಕಾರಿ ನೆಲ ಈ ಮಲೆಗಳಲ್ಲಿ ಬಹಳ ಕಡಮೆಯೆಂಬುದೂ, ಉಳಿದಿರುವುದರ ಮೇಲೆ ಅರಣ್ಯದ ಹಕ್ಕಿನ ತಕರಾರಿದೆಯೆಂಬುದೂ ತಿಳಿಯುತ್ತದೆ. ಅರ್ಜಿ ಸರ್ವೆಗೆ ಹೋಗುತ್ತದೆ, ಕಂದಾಯದವರಿಂದ ಅರಣ್ಯದವರಿಗೆ, ಅಲ್ಲಿಂದ ಮತ್ತೆ ಕಂದಾಯದವರಿಗೆ ತಿರುಗುತ್ತದೆ, ಅಷ್ಟರಲ್ಲಿ ಅವನು ಮಕ್ಕಳ ಓದಿಗಾಗಿ ಪಟ್ಟಣದ ಯಾವುದೋ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ಕಾವಲಿಗೆ ಸೇರಿರುತ್ತಾನೆ.